ಪೇಡೆ ತಿಂದು ಮರಳುವ ಮುನ್ನ

ಕಳೆದ ರಜೆಯಲ್ಲಿ ನಾವು ನಾಲ್ವರು ಹಾಸ್ಟೆಲ್ ಹುಡುಗರು ಹುಬ್ಬಳ್ಳಿ-ಧಾರವಾಡ ನೋಡಲು ಹೊರಟೆವು. ಊರು ನೋಡೋದು ಉಳ್ಳವರ ಶೋಕಿ ಅಂತ ನಮ್ಮಲ್ಲೇ ಕೆಲವರು ನಕ್ಕರು. ನಮ್ಮ ಅಪ್ಪ, ಅಜ್ಜಂದಿರೂ ಊರೂರು ತಿರುಗಿದವರೇ. ಆದರೆ ಅವರು ತಿರುಗಿದ್ದು ಸುಗ್ಗಿಗೆ, ಕೂಲಿಗೆ, ಬರಗಾಲಕ್ಕೆ. ಬರೀ ನೋಡುವುದಕ್ಕೆಂದೇ ಹೊರಟ ಮೊದಲ ತಲೆಮಾರು ನಮ್ಮದು. ಹಾಗಿರುವಾಗ ಏನು ನೋಡಬೇಕು ಅನ್ನೋದನ್ನ ಬೇರೆಯವರ ಕೈಗೆ ಯಾಕೆ ಬಿಡಬೇಕು?

ಹುಬ್ಬಳ್ಳಿ ಸ್ಟೇಶನ್ನಿನಲ್ಲಿ 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇದೆ. 2023ರಲ್ಲಿ ಉದ್ಘಾಟನೆ ಆದದ್ದು, ಜಗತ್ತಿನಲ್ಲೇ ಉದ್ದವಾದದ್ದು. ಬಂದವರೆಲ್ಲ ಅಲ್ಲಿ ಫೋಟೋ ತೆಗೆಸಿಕೊಳ್ಳುತ್ತಾರೆ, ನಾವೂ ತೆಗೆಸಿಕೊಂಡೆವು. ಅದೇ ಊರಿನಲ್ಲಿ ಸೆಟ್ಲಮೆಂಟ್ ಅಂತ ಒಂದು ಭಾಗ ಇದೆ. ಅದರ ಫೋಟೋ ಯಾರೂ ತೆಗೆಯೋದಿಲ್ಲ. ಬ್ರಿಟಿಷರು 1871ರಲ್ಲಿ ಒಂದು ಕಾಯ್ದೆ ತಂದು, ಇಡೀ ಇಡೀ ಜಾತಿಗಳನ್ನೇ ಹುಟ್ಟುಗಳ್ಳರು ಅಂತ ಬರೆದುಬಿಟ್ಟರು. ಹಾಗೆ ಬರೆಸಿಕೊಂಡವರನ್ನು ತಂದು ಕೂಡಿಸಿ, ಹಾಜರಿ ಹಿಡಿದು ದುಡಿಸಿದ ಜಾಗ ಅದು. ಕಾಯ್ದೆ 1952ರಲ್ಲಿ ರದ್ದಾಯಿತು. ಹೆಸರು ಮಾತ್ರ ಊರ ಬಾಯಲ್ಲಿ ಇನ್ನೂ ಉಳಿದಿದೆ.

ಇನ್ನು ಊಟದ ಮಾತು. ಈ ಅವಳಿ ಊರುಗಳಲ್ಲಿ ಖಾನಾವಳಿಗಳಿಗೆ ಬರವಿಲ್ಲ. ಲಿಂಗಾಯತ ಖಾನಾವಳಿ, ಸಾವಜಿ ಖಾನಾವಳಿ ಅಂತ ಬೋರ್ಡುಗಳು ಸಾಲಾಗಿ ಕಾಣುತ್ತವೆ. ಯಾರ ಅಡಿಗೆಯನ್ನೂ ನಾವು ಹಳಿಯೋದಿಲ್ಲ. ರುಚಿ ರುಚಿಯೇ. ಆದರೆ ಬೋರ್ಡಿಗೆ ಜಾತಿ ಹತ್ತಿದ ಊರಲ್ಲಿ ನಮ್ಮ ಕೇರಿಯ ಅಡಿಗೆಗೆ ಬೋರ್ಡು ಎಲ್ಲಿ?

ಒಂದು ಖಾನಾವಳಿಯಲ್ಲಿ ಗಲ್ಲಾದ ಮೇಲೆ ಕೂತವರು ಕೇಳಿದರು: "ಯಾವೂರ ತಮ್ಮಾ? ಯಾರ ಪೈಕಿ?"

ನಮ್ಮಲ್ಲೊಬ್ಬ, "ಹಸದವರ ಪೈಕಿ ರೀ ಯಜಮಾನ್ರ" ಅಂದ. ಇನ್ನೊಬ್ಬ ಸುಮ್ಮನಿರಲಿಲ್ಲ. "ಅಂಬೇಡ್ಕರ ಪೈಕಿ ರೀ" ಅಂದುಬಿಟ್ಟ. ಅವರು ಏನೂ ಅನ್ನಲಿಲ್ಲ. ರೊಟ್ಟಿ ಬಂತು, ಪಲ್ಯ ಬಂತು. ಆದರೆ ಬಡಿಸುವವನು ಎರಡನೇ ಸಲ ನಮ್ಮ ಸಾಲಿಗೆ ಬರಲಿಲ್ಲ. ಸಂವಿಧಾನದ 15(2)ನೇ ಕಲಮು ಹೋಟೆಲಿನ ಬಾಗಿಲು ತೆರೆಸಿದೆ, 17ನೇ ಕಲಮು ಅಸ್ಪೃಶ್ಯತೆಯನ್ನು ನಿಷೇಧಿಸಿದೆ. ಬಡಿಸುವ ಕೈಯ ಮನಸ್ಸನ್ನ ಯಾವ ಕಲಮು ತೆರೆಸಬೇಕು?

ಆ ರಾತ್ರಿ ಉಂಡದ್ದು ಗೆಳೆಯನ ದೊಡ್ಡವ್ವನ ಮನೆಯಲ್ಲಿ. ಬಿಸಿ ಜ್ವಾಳದ ರೊಟ್ಟಿ, ಪುಂಡಿಪಲ್ಯ, ಗುರೆಳ್ಳ ಹಿಂಡಿ. ಕೇಳದೆಯೇ ಎರಡನೇ ಸಲ, ಮೂರನೇ ಸಲ ಹಾಕಿದಳು. "ನಮ್ಮ ಕಾಲಕ್ಕ ಅನ್ನ ಅಂದ್ರ ಹಬ್ಬಕ್ಕ. ಉಳದ ದಿನಾ ರೊಟ್ಟಿ, ನವಣಿ. ಈಗ ನೋಡ್ರಿ, ಡಾಕ್ಟರ ಹೇಳ್ಯಾರಂತ ಸಾವಕಾರ ಮಂದಿನೂ ನವಣಿ ಹುಡಿಕ್ಯಾಡ್ತಾರ" ಅಂತ ನಕ್ಕಳು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷ ಅಂತ ಸಾರಿತು. ಬಡವನ ತಾಟಿನಲ್ಲಿ ಇದ್ದಾಗ ಅದಕ್ಕೆ ಸಿರಿ ಇರಲಿಲ್ಲ. ಪ್ಯಾಕೆಟಿಗೆ ಹೋದ ಮೇಲೆ ಸಿರಿ ಬಂತು.

ಒಣಖಂಡದ ಸಾರಿನ ಮಾತು ಬಂದಾಗ ಮಾತ್ರ ದೊಡ್ಡವ್ವ ದನಿ ತಗ್ಗಿಸಿದಳು. 2020ರ ಕಾಯ್ದೆ ಆಕಳು, ಎತ್ತು, ಹೋರಿ, ಹದಿಮೂರು ವರ್ಷದೊಳಗಿನ ಎಮ್ಮೆ-ಕೋಣಗಳ ವಧೆಯನ್ನು ನಿಷೇಧಿಸಿದೆ. ನಮ್ಮ ಅವ್ವಂದಿರು ತಮ್ಮ ಒಲೆಯ ಮುಂದೆಯೇ ಪಿಸುಗುಡುವ ಹಾಗಾದರೆ, ಊರಿನ ಆಹಾರ ಸಂಸ್ಕೃತಿ ಅಂತ ಬರೆಯುವವರು ಯಾರ ಊಟವನ್ನ ಬರೆಯುತ್ತಿದ್ದಾರೆ?

ಮರುದಿನ ಚಿಗರಿ ಬಸ್ಸು ಹತ್ತಿ, ಉಣಕಲ್ಲ ದಾಟಿ ಧಾರವಾಡಕ್ಕೆ ಹೋದೆವು. ಪೇಡೆ ತಿಂದೆವು. ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ವಲಸೆ ಬಂದ ಠಾಕೂರ ಮನೆತನ ಈ ಪೇಡೆ ಮಾಡಿತು ಅನ್ನೋದು ಇಲ್ಲಿ ಎಲ್ಲರಿಗೂ ಗೊತ್ತು. ಗಂಗೂಬಾಯಿ ಹಾನಗಲ್ಲರ ಹೆಸರೂ ಗೊತ್ತು. ಹಾಡುವವರ ಮಗಳು ಅನ್ನೋ ಕಾರಣಕ್ಕೆ ಅವರು ಇದೇ ಊರಿನಲ್ಲಿ ಬಾಲ್ಯದಾಗ ಉಂಡ ಅವಮಾನ ಎಷ್ಟು ಮಂದಿಗೆ ಗೊತ್ತು?

ಅದಕ್ಕಿಂತ ಹಳೆಯ ಒಂದು ಕತೆ ಇದೆ. 1856ರ ಜೂನ್ ತಿಂಗಳು. ಧಾರವಾಡದ ಸರಕಾರಿ ಶಾಲೆಗೆ ಸೇರಿಸಿಕೊಳ್ಳಿ ಅಂತ ಒಬ್ಬ ಮಹಾರ ಹುಡುಗನ ಅರ್ಜಿ ಬಂತು. ಸೇರಿಸಿಕೊಳ್ಳಲಿಲ್ಲ. ಮಾತು ಮುಂಬೈ ಸರಕಾರದ ತನಕ ಹೋಯಿತು. ನ್ಯಾಯ ಹುಡುಗನ ಕಡೆಗೇ ಇದೆ ಅಂತ ಸರಕಾರ ಒಪ್ಪಿತು. ಒಪ್ಪಿಕೊಂಡೂ, ಒಬ್ಬನಿಗಾಗಿ ಉಳಿದವರೆಲ್ಲ ಬಿಟ್ಟುಹೋದರೆ ಶಾಲೆಯೇ ನಿರುಪಯೋಗ ಆದೀತು ಅಂತ ಬಾಗಿಲು ಹಾಕಿತು. ಸರಕಾರಿ ಶಾಲೆ ಎಲ್ಲ ವರ್ಗದವರಿಗೂ ತೆರೆದದ್ದು ಅಂತ ಕಂಪನಿಯ ಡೈರೆಕ್ಟರುಗಳು 1858ರಲ್ಲಿ ಲಂಡನ್ನಿನಿಂದ ಬರೆದರು. ಕಾಗದದ ಮಾತು ಕೇರಿಗೆ ಬರಲಿಲ್ಲ.

ಈ ಹುಡುಗನನ್ನು ಮರೆಯದವರು ಬಾಬಾಸಾಹೇಬರು. 1928ರಲ್ಲಿ ಸೈಮನ್ ಕಮಿಶನ್ನಿಗೆ ಕೊಟ್ಟ ಶಿಕ್ಷಣದ ಹೇಳಿಕೆಯಲ್ಲಿ ಧಾರವಾಡದ ಈ ಪ್ರಕರಣವನ್ನ ಎತ್ತಿ ಹಿಡಿದರು. ಅದೇ ವರ್ಷ ಅವರು ಡಿಪ್ರೆಸ್ಡ್ ಕ್ಲಾಸಸ್ ಎಜುಕೇಶನ್ ಸೊಸೈಟಿ ಕಟ್ಟಿದರು. ಆ ಸೊಸೈಟಿ ನಡೆಸಿದ ಹಾಸ್ಟೆಲುಗಳಲ್ಲಿ ಒಂದು ಇದೇ ಧಾರವಾಡದಲ್ಲಿತ್ತು.

ಗೆಳೆಯರೆ, ಲೆಕ್ಕ ಹಾಕಿ. 1856ರಿಂದ 1928ಕ್ಕೆ 72 ವರ್ಷ. ಒಬ್ಬನೇ ಬಂದಿದ್ದಾನೆ ಅನ್ನೋದೇ ಅವನನ್ನು ಹೊರಗಿಡಲು ನೆಪವಾಯಿತು. ಹಾಸ್ಟೆಲ್ ಅನ್ನೋದು ಆ ನೆಪಕ್ಕೆ ಉತ್ತರ. ಅಲ್ಲಿ ಯಾರೂ ಒಬ್ಬರೇ ಅಲ್ಲ. ಸಾರು ನೀರಾಗಿದೆ, ಬಲ್ಬು ಹೋಗಿದೆ, ಸ್ಕಾಲರ್‌ಶಿಪ್ ತಡವಾಗಿದೆ ಅಂತ ನಾವು ಜಗಳಾಡುತ್ತೇವೆ, ಆಡಲೇಬೇಕು. ಜಗಳಾಡುವಾಗ ನಮ್ಮ ಬೆನ್ನ ಹಿಂದೆ ಆ ಹುಡುಗ ಅರ್ಜಿ ಹಿಡಿದು ನಿಂತಿದ್ದಾನೆ ಅನ್ನೋದನ್ನ ಮರೆಯಬಾರದು. ಇದು ಭಿಕ್ಷೆಯ ಅನ್ನ ಅಲ್ಲ.

ಪೇಡೆಗೆ ಊರಿನ ಹೆಸರು ಸಿಕ್ಕಿತು, ಅದು ಸರಿ. ಆ ಹುಡುಗನ ನೆನಪಿಗೆ ಊರಲ್ಲಿ ಒಂದು ಕಲ್ಲಾದರೂ ನಮಗೆ ಕಾಣಲಿಲ್ಲ. ಕಲ್ಲು ನಿಲ್ಲಿಸಿ ಅಂತ ಕೇಳೋಣ. ಅದಕ್ಕಿಂತ ಮೊದಲು ನಮ್ಮ ಕೆಲಸ ನಾವು ಮಾಡೋಣ. ಮುಂದಿನ ರಜೆಗೆ ನಿಮ್ಮ ನಿಮ್ಮ ಊರು ನೋಡಿ. ಯಾವ ಬಾವಿಗೆ ಯಾರನ್ನ ಬಿಡಲಿಲ್ಲ, ಯಾವ ಶಾಲೆಯ ಕಟ್ಟೆಯ ಕೆಳಗೆ ಯಾರು ಕೂತಿದ್ದರು, ಅಜ್ಜಿ ಬರಗಾಲದಾಗ ಏನು ಬೇಯಿಸಿದಳು ಅಂತ ಕೇಳಿ ಬರೆದುಕೊಳ್ಳಿ. ಅಜ್ಜಿ ಹೋದ ಮೇಲೆ ಹೇಳುವವರು ಯಾರೂ ಇರೋದಿಲ್ಲ.

ಪೇಡೆ ತಿನ್ನಿ. ಆದರೆ ಅಷ್ಟಕ್ಕೇ ಮರಳಬೇಡಿ.

ಜೈ ಭೀಮ್.