ದುಡುಕೋ, ಧೈರ್ಯವೋ?

ಜಪಾನಿನ ಮೋಟಾರು ಪಂದ್ಯಪಟು ಟಕುಮಾ ಸಾಟೋನನ್ನು ದುಡುಕಿನವನೆಂದು ಹಳಿಯುವವರುಂಟು. ಆ ಮಾತನ್ನು ನಾನು ಒಪ್ಪಲಾರೆ.

ಮೊದಲು ಸೈಕಲ್ ಪಂದ್ಯಗಳಲ್ಲಿ ಸ್ಪರ್ಧಿಸುತ್ತಿದ್ದ ಈತನು ಕಾರಿನ ಪಂದ್ಯಕ್ಕೆ ಬಂದುದು ಇಪ್ಪತ್ತರ ಆಸುಪಾಸಿನಲ್ಲಿ. ಎದುರಾಳಿಗಳಲ್ಲಿ ಹಲವರಾದರೋ ಬಾಲ್ಯದಲ್ಲಿಯೇ ಚಕ್ರ ಹಿಡಿದವರು. ಆದರೂ 2001ರಲ್ಲಿ ಬ್ರಿಟಿಷ್ ಫಾರ್ಮುಲಾ ತ್ರೀ ಚಾಂಪಿಯನ್ ಆದನು. ಮರುವರ್ಷ ಫಾರ್ಮುಲಾ ಒನ್ ಪ್ರವೇಶ. ಅಲ್ಲಿ 2004ರಲ್ಲಿ ಅಮೆರಿಕದಲ್ಲಿ ಪಡೆದ ಮೂರನೆಯ ಸ್ಥಾನವೇ ಅತ್ಯುನ್ನತ. 2008ರಲ್ಲಿ ಹಣದ ಅಡಚಣೆಯಿಂದ ತಂಡವೇ ಮುಚ್ಚಿತು. 2010ರಲ್ಲಿ ಅಮೆರಿಕದ ಇಂಡಿಕಾರ್ ಪಂದ್ಯಗಳಿಗೆ ಹೋದನು.

2012ರ ಇಂಡಿಯಾನಾಪೊಲಿಸ್ ಪಂದ್ಯ: ಐನೂರು ಮೈಲಿ, ಇನ್ನೂರು ಸುತ್ತು. ಕೊನೆಯ ಸುತ್ತಿನ ಮೊದಲ ತಿರುವಿನಲ್ಲಿ, ಎರಡನೆಯವನಾಗಿದ್ದ ಸಾಟೋ, ಮುಂದಿದ್ದ ಡೇರಿಯೊ ಫ್ರಾಂಕಿಟ್ಟಿಯ ಒಳಬದಿಗೆ ನುಗ್ಗಿದನು. ಕಾರು ಹಿಡಿತ ತಪ್ಪಿ ಗೋಡೆಗೆ ಬಡಿಯಿತು. ದೊರೆತುದು ಹದಿನೇಳನೆಯ ಸ್ಥಾನ. ಟೀಕಾಕಾರರ ಗಣಿತ ಇಲ್ಲಿಗೇ ನಿಲ್ಲುತ್ತದೆ. (ಉಪಾಧ್ಯಾಯರಾದ ನಾವೂ ಇದನ್ನೇ ಮಾಡುವೆವಷ್ಟೆ: ಕಠಿಣವಾದ ಲೆಕ್ಕಕ್ಕೆ ಕೈಹಾಕಿ ತಪ್ಪಿದ ಹುಡುಗನಿಗೆ ಸೊನ್ನೆ, ಅದನ್ನು ಮುಟ್ಟದವನಿಗೂ ಸೊನ್ನೆ!)

ಅಂದು ಹಿಂಜರಿದಿದ್ದವನು 2017ರಲ್ಲಿ, ತನ್ನ ನಲವತ್ತನೆಯ ವಯಸ್ಸಿನಲ್ಲಿ, ಅದೇ ಪಥದ ಕೊನೆಯ ಸುತ್ತುಗಳಲ್ಲಿ ಹೀಲಿಯೊ ಕ್ಯಾಸ್ಟ್ರೊನೆವಿಸ್‌ನನ್ನು ಹಿಂದಿಕ್ಕುತ್ತಿದ್ದನೆಂದು ನನಗೆ ತೋರದು. ಆ ಪಂದ್ಯವನ್ನು ಗೆದ್ದ ಮೊದಲ ಜಪಾನೀಯನು ಆತನೇ. 2020ರಲ್ಲಿ ಮತ್ತೊಮ್ಮೆ ಗೆದ್ದನು.