ಹಡಗು ದಡ ಸೇರೋದೇ ಊಟದ ಹೊತ್ತಿಗೆ!

ಮಗಳೋ ಮಗನೋ ಸಿಯಾಟಲ್‌ನಲ್ಲಿದ್ದರೆ, ಬೇಸಿಗೆಯಲ್ಲಿ ನೋಡಲು ಹೋದ ಅಪ್ಪ-ಅಮ್ಮನನ್ನೂ ಸೇರಿಸಿಕೊಂಡು ಮನೆಮಂದಿಯೆಲ್ಲ ಅಲಾಸ್ಕಾ ಕ್ರೂಸ್‌ಗೆ ಹೊರಡೋದು ಈಗ ಹೊಸದೇನಲ್ಲ. ಈ ಹಡಗುಗಳಲ್ಲಿ ಹೆಚ್ಚಿನವು ಕೆನಡಾದ ವಿಕ್ಟೋರಿಯಾದಲ್ಲಿ ಒಂದು ಸಂಜೆ ನಿಲ್ಲುತ್ತವೆ. ವಿದೇಶಿ ಹಡಗು ಅಮೆರಿಕದ ಬಂದರಿನಿಂದ ಹೊರಟು ಮತ್ತೆ ಅಲ್ಲಿಗೇ ಮರಳಬೇಕಾದರೆ ನಡುವೆ ಬೇರೊಂದು ದೇಶದ ಬಂದರನ್ನು ಮುಟ್ಟಲೇಬೇಕು, ಅದು 1886ರ ಕಾನೂನಿನ ಫಲ. ಸಾಮಾನ್ಯವಾಗಿ ಸಂಜೆ ಆರರಿಂದ ಎಂಟರೊಳಗೆ ಬಂದ ಹಡಗು ನಡುರಾತ್ರಿಯ ಹೊತ್ತಿಗೆ ಹೊರಟುಬಿಡುತ್ತದೆ.

ಪೇಚಾಟ ಶುರುವಾಗೋದೇ ಇಲ್ಲಿ. ಉಂಡು ಇಳಿಯೋದಾ, ಇಳಿದು ಉಣ್ಣೋದಾ, ವಾಪಸು ಬಂದು ಉಣ್ಣೋದಾ? ಮಗುವಿಗೆ ನಿದ್ದೆ, ಅತ್ತೆಗೆ ಮಾತ್ರೆ, ಮಾವನಿಗೆ ಅನ್ನ-ಮೊಸರು. ಕೊನೆಗೆ 'ನೀವೆಲ್ಲ ಹೋಗ್ಬನ್ನಿ, ಇವರಿಗೆ ನಾನು ಊಟ ಮಾಡಿಸ್ತೀನಿ' ಅಂತ ಒಬ್ಬಾಕೆ ಹಡಗಲ್ಲೇ ಉಳಿದುಬಿಡ್ತಾಳೆ. ಯಾರು ಅಂತ ಬೇರೆ ಹೇಳಬೇಕೆ? ಅಡುಗೆಮನೆ ಬಿಟ್ಟು ಸಮುದ್ರಕ್ಕೆ ಬಂದರೂ ಬಡಿಸೋ ಜವಾಬ್ದಾರಿ ಬಿಡಲಿಲ್ಲ ಅಂದರೆ ಹೇಗೆ?

ನನ್ನನ್ನು ಕೇಳಿದರೆ, ಹಡಗಲ್ಲೇ ಬೇಗ ಉಂಡು ಎಲ್ಲರೂ ಒಟ್ಟಿಗೆ ಇಳಿಯೋದೇ ಸರಿ. ಟಿಕೆಟ್ಟಿನ ದುಡ್ಡಲ್ಲೇ ಊಟ ಸೇರಿದೆ. ಹಡಗು ನಿಲ್ಲುವ ಓಗ್ಡೆನ್ ಪಾಯಿಂಟ್‌ನಿಂದ ಊರಿನ ನಡುಭಾಗಕ್ಕೆ ಸುಮಾರು ಎರಡು ಕಿಲೋಮೀಟರ್. ನಡೆದರೆ ಹೋಗಿಬರೋಕೇ ಒಂದು ಗಂಟೆ. ಹೋಟೆಲಲ್ಲಿ ಕೂತರೆ ಇನ್ನೊಂದು ಗಂಟೆ ಹೋಯ್ತು. ಮಿಕ್ಕಿದ್ದೇನು? ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗೋದೇ ಒಂಬತ್ತರ ನಂತರ. ಆ ಬೆಳಕಲ್ಲಿ ಒಳಬಂದರಿನ ದಂಡೆಯಲ್ಲಿ ಅಡ್ಡಾಡಿ, 1908ರ ಎಂಪ್ರೆಸ್ ಹೋಟೆಲನ್ನು ನೋಡಿ, ಕತ್ತಲಾದ ಮೇಲೆ ಪಾರ್ಲಿಮೆಂಟ್ ಕಟ್ಟಡಕ್ಕೆ ಸಾವಿರಾರು ದೀಪ ಹತ್ತೋದನ್ನು ಕಣ್ತುಂಬಿಕೊಳ್ಳಬಹುದು.

ಆದರೆ ಇದಕ್ಕೆ ಸ್ವಲ್ಪ ತಯಾರಿ ಬೇಕು:

* ನಿಮ್ಮ ಊಟದ ಸರದಿ ಎಂಟು ಗಂಟೆಯದಾಗಿದ್ದರೆ, ಆ ಒಂದು ದಿನ ಬೇಗ ಕೊಡಿ ಎಂದು ಹಿಂದಿನ ದಿನವೇ ಕೇಳಿ. ಆಗದಿದ್ದರೆ ಬಫೆ ಇದ್ದೇ ಇದೆ. ಈರುಳ್ಳಿ-ಬೆಳ್ಳುಳ್ಳಿ ಬೇಡದವರು ಟಿಕೆಟ್ ಮಾಡಿಸುವಾಗಲೇ ತಿಳಿಸಿರಿ.

* ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತಗೊಳ್ಳೋರ ಊಟ ತಡವಾಗಿ, ಮೇಲೆ ನಡಿಗೆಯೂ ಸೇರಿದರೆ ಸಕ್ಕರೆ ಅಂಶ ಇಳಿದುಬಿಡಬಹುದು. ಊಟದ ಹೊತ್ತು ಬದಲಾದರೆ ಏನು ಮಾಡಬೇಕೆಂದು ಹೊರಡುವ ಮುನ್ನವೇ ವೈದ್ಯರನ್ನು ಕೇಳಿ. ಕೈಚೀಲದಲ್ಲಿ ಗ್ಲೂಕೋಸ್ ಇರಲಿ.

* ಹಡಗಿನ ಹಣ್ಣು, ತಿಂಡಿ ಕಟ್ಟಿಕೊಂಡು ಇಳಿಯಬೇಡಿ. ಗಡಿಯಲ್ಲಿ ತಕರಾರಾದೀತು.

* ಅಲಾಸ್ಕಾದ ಸಮಯ ವಿಕ್ಟೋರಿಯಾಕ್ಕಿಂತ ಒಂದು ಗಂಟೆ ಹಿಂದೆ. ಕೈಗಡಿಯಾರ ತಿದ್ದದಿದ್ದರೆ ಹಡಗು ತಪ್ಪಿತೆಂದೇ ಲೆಕ್ಕ! ಹಡಗಿನವರು ಹೇಳುವ ಸಮಯವನ್ನೇ ನಂಬಿ.

* ಎಲ್ಲಕ್ಕಿಂತ ಮುಖ್ಯ, ಭಾರತದ ಪಾಸ್‌ಪೋರ್ಟ್ ಇರೋರಿಗೆ ಅಮೆರಿಕದ ವೀಸಾ ಒಂದೇ ಸಾಲದು, ಕೆನಡಾ ವೀಸಾನೂ ಬೇಕು. ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ ವಿನಾಯಿತಿ. ಇಲ್ಲದಿದ್ದರೆ ಸಿಯಾಟಲ್‌ನಲ್ಲೇ ಹಡಗು ಹತ್ತಿಸಿಕೊಳ್ಳದೆ ಇರಬಹುದು. ಮಕ್ಕಳು ಮರೆತರೆ ನೀವೇ ನೆನಪಿಸಿ.

'ಅಷ್ಟು ದೂರ ಹೋಗಿ ಆ ಊರಿನ ರುಚಿ ನೋಡದೆ ಬರೋದಾ?' ಅನ್ನಬಹುದು. ಹಡಗು ಆರಕ್ಕೇ ಬಂದರೆ ಖಂಡಿತ ನೋಡಿ, ಮೊದಲೇ ಮೇಜು ಕಾಯ್ದಿರಿಸಿ. ಎಂಟಕ್ಕೆ ಬಂದರೆ ಒಂದು ಕಾಫಿ, ಒಂದು ಐಸ್‌ಕ್ರೀಂ ಸಾಕು.

ಮಗು ಮಲಗಿಬಿಟ್ಟರೆ, ಅತ್ತೆಗೆ ನಡೆಯಲಾಗದಿದ್ದರೆ? ಯಾರಾದರೂ ಉಳಿಯಲೇಬೇಕು, ನಿಜ. ಅದು ಯಾರೆಂದು ಬೆಳಗಿನ ಕಾಫಿಗೆ ಕೂತಾಗಲೇ ಎಲ್ಲರೂ ಸೇರಿ ತೀರ್ಮಾನಿಸಿ. ಮೊದಲ ಎರಡು ಗಂಟೆ ಗಂಡ ಉಳಿಯಲಿ, ಆಮೇಲೆ ನೀವು ಬನ್ನಿ. ತಾಯಿಗೆ ಮಗ ಒಂದು ಹೊತ್ತು ಊಟ ಕೊಟ್ಟರೆ ಹಡಗೇನೂ ಮುಳುಗೋಲ್ಲ!