ಬಿಸಿಲಿನ ಬೆಳೆಯಲ್ಲಿ ಊರಿಗೂ ಪಾಲಿರಲಿ



ನಮ್ಮ ಸಂಘದ ವ್ಯಾಪ್ತಿಯ ಬಯಲಿನಂಚಿನ ಹಳ್ಳಿಗಳಿಗೆ ಸೌರ ವಿದ್ಯುತ್ ಸ್ಥಾವರ ಬರಲಿದೆಯೆಂಬ ಮಾತು ಸಂತೆಯಲ್ಲೂ ಮಂಡಿಯಲ್ಲೂ ಕೇಳಿಬರುತ್ತಿದೆ. ಬಂದರೆ ಬದುಕಿದೆವು ಎನ್ನುವವರೂ ಇದ್ದಾರೆ, ಬಂದರೆ ಭೂಮಿ ಹೋಯಿತು ಎನ್ನುವವರೂ ಇದ್ದಾರೆ. ಅದು ಯಾವ ಕರಾರಿನ ಮೇಲೆ ಬರುತ್ತದೆ ಎಂಬುದೇ ಮುಖ್ಯವೆಂದು ನನ್ನ ಅಭಿಪ್ರಾಯ.

ನಿದರ್ಶನಕ್ಕೆ ದೂರ ಹೋಗಬೇಕಾಗಿಲ್ಲ. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನಲ್ಲಿ, ತಿರುಮಣಿ, ವಳ್ಳೂರು ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ ಇದೆ. 2018ರ ಮಾರ್ಚಿಯಲ್ಲಿ ಉದ್ಘಾಟನೆಯಾಗಿ 2019ರ ಕೊನೆಗೆ ಪೂರ್ಣಗೊಂಡಿತು. ಅಲ್ಲಿ ಜಮೀನನ್ನು ಕ್ರಯಕ್ಕೆ ಕೊಳ್ಳದೆ ದೀರ್ಘಾವಧಿ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಎರಡು ವರ್ಷಕ್ಕೊಮ್ಮೆ ಶೇಕಡ 5ರ ಏರಿಕೆ. ಭೂಮಿ ರೈತನದೇ ಆಗಿ ಉಳಿಯಿತು. ಮೇಲಿಂದ ಮೇಲೆ ಬರಗಾಲ ಕಂಡ ಆ ಸೀಮೆಯಲ್ಲಿ ಐದು ಎಕರೆಯವನಿಗೆ ವರ್ಷಕ್ಕೆ 1,05,000 ರೂಪಾಯಿ ತಪ್ಪದ ವರಮಾನವೆಂದರೆ ಸಣ್ಣ ಮಾತಲ್ಲ. ಹೂಮಳೆ ತಪ್ಪಿದರೆ ಕಾಫಿ ಹೋಯಿತು, ಕೊಳೆರೋಗ ಬಂದರೆ ಅಡಿಕೆ ಹೋಯಿತು ಎಂದು ಬದುಕುವ ನಮಗೆ ಇದರ ಬೆಲೆ ಬೇರೆಯವರು ಹೇಳಬೇಕಾಗಿಲ್ಲ.

ಆದರೆ ಲೆಕ್ಕದ ಇನ್ನೊಂದು ಮಗ್ಗುಲೂ ಇದೆ. ಈ ಏರಿಕೆಯಂತೆ 20 ವರ್ಷದ ನಂತರ ಗುತ್ತಿಗೆ ಸುಮಾರು 34,000 ರೂಪಾಯಿ ಮುಟ್ಟೀತು. ಅಷ್ಟರಲ್ಲಿ ಅಕ್ಕಿ, ಗೊಬ್ಬರ, ಕೂಲಿಯ ದರ ಎಲ್ಲಿರುತ್ತದೆಂಬುದನ್ನು ತಾವೇ ಊಹಿಸಿರಿ. ಗುತ್ತಿಗೆ ಹಣ ಎಕರೆ ಲೆಕ್ಕದಲ್ಲಿ ಹೋಗುವುದರಿಂದ ಎಕರೆಯೇ ಇಲ್ಲದ ಕೂಲಿಕಾರನಿಗೆ ಅದರಲ್ಲಿ ಪಾಲಿಲ್ಲ. ಹೊಲದ ಕೆಲಸ ಮಾತ್ರ ಹೋಯಿತು. ಸ್ಥಾವರ ಕಟ್ಟಿ ಮುಗಿದ ಮೇಲೆ ಕಾವಲು, ಹುಲ್ಲು ಕೊಯ್ಯುವುದು, ಫಲಕ ತೊಳೆಯುವುದು, ಇಷ್ಟಕ್ಕೆ ಕೆಲವೇ ಕೈಗಳು ಸಾಕು.

ಇದಕ್ಕೆ ಸಹಕಾರದ ದಾರಿಯೂ ಉಂಟು. ಗುಜರಾತಿನ ಖೇಡಾ ಜಿಲ್ಲೆಯ ಧುಂಡಿಯಲ್ಲಿ ಆರು ಮಂದಿ ರೈತರು ಸೌರ ಪಂಪುಗಳ ಸಹಕಾರ ಸಂಘ ಕಟ್ಟಿ, ನೀರೆತ್ತಿ ಮಿಕ್ಕ ವಿದ್ಯುತ್ತನ್ನು 2016ರಿಂದ ಯೂನಿಟ್ಟಿಗೆ 4 ರೂಪಾಯಿ 63 ಪೈಸೆಯಂತೆ ವಿದ್ಯುತ್ ಕಂಪನಿಗೆ ಮಾರತೊಡಗಿದರು. ಬಂಡವಾಳದ ದೊಡ್ಡ ಪಾಲು ಒಂದು ಸಂಶೋಧನಾ ಸಂಸ್ಥೆಯಿಂದ ಬಂದಿತೆಂಬುದು ನಿಜ. ಆದರೂ ಬಿಸಿಲನ್ನು ಮಾರಿದವರು ರೈತರೇ. 2019ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಕುಸುಮ್ ಯೋಜನೆಯಲ್ಲಿ 500 ಕಿಲೋವಾಟಿನಿಂದ 2 ಮೆಗಾವಾಟಿನವರೆಗಿನ ಸ್ಥಾವರಗಳನ್ನು ಸಹಕಾರ ಸಂಘಗಳೂ ಪಂಚಾಯತಿಗಳೂ ಸ್ಥಾಪಿಸಲು ಅವಕಾಶ ಕಲ್ಪಿಸಲಾಯಿತು. ಒಂದು ಮೆಗಾವಾಟಿಗೆ ನಾಲ್ಕೈದು ಎಕರೆ ಬೇಕಾಗುತ್ತದೆ.

ಆದುದರಿಂದ ನಾವು ಕೇಳಬೇಕಾದದ್ದು ಇಷ್ಟು. ಜಮೀನು ಗುತ್ತಿಗೆಗೆ ಮಾತ್ರ, ಕ್ರಯಕ್ಕಿಲ್ಲ. ಗುತ್ತಿಗೆಯ ಏರಿಕೆ ಪೇಟೆಯ ದರಕ್ಕೆ ಹೊಂದಿಕೊಂಡಿರಲಿ. ಕೆಲಸ ಕಳೆದುಕೊಂಡ ಮನೆಗಳಿಗೆ ಕೆಲಸದಲ್ಲಿ ಮೊದಲ ಹಕ್ಕಿರಲಿ. ಆದಾಯದ ಒಂದು ಪಾಲು ವರ್ಷವರ್ಷವೂ ಊರಿನ ಶಾಲೆ, ಕೆರೆ, ರಸ್ತೆಗೆ ಸಲ್ಲಲಿ. ಅವಧಿ ಮುಗಿದಾಗ ಫಲಕ, ಕಬ್ಬಿಣ, ಕಾಂಕ್ರೀಟ್ ತೆಗೆದು ಭೂಮಿಯನ್ನು ಹದಮಾಡಿ ಕೊಡುವವರಾರೆಂಬುದು ಪತ್ರದಲ್ಲೇ ಬರೆದಿರಲಿ. ಬೀಳುಬಿದ್ದ ಜಮೀನು ಸಾಕು. ನೆರಳಿನ ಮರಕ್ಕೂ, ಗದ್ದೆಗೂ, ದನದ ದಾರಿಗೂ ಕೈ ಹಾಕಕೂಡದು.

ಎರಡು ಎಕರೆಯವನು ಒಬ್ಬನೇ ಹೋಗಿ ಕಂಪನಿಯ ವಕೀಲರೆದುರು ಇದನ್ನೆಲ್ಲ ಕೇಳಲಾರ. ಕಾಫಿಯನ್ನೂ ಅಡಿಕೆಯನ್ನೂ ಒಟ್ಟಾಗಿ ಮಾರುವುದನ್ನು ಕಲಿತ ನಾವು ಬಿಸಿಲಿನ ವಿಷಯದಲ್ಲಿ ಒಬ್ಬೊಬ್ಬರಾಗಿ ಸಹಿ ಹಾಕುವುದು ಬೇಡ. ಮುಂದಿನ ಸರ್ವಸದಸ್ಯರ ಸಭೆಗೆ ಈ ವಿಷಯವನ್ನು ತರುತ್ತಿದ್ದೇನೆ. ಅಲ್ಲಿಯವರೆಗೆ ಯಾವ ಕಾಗದಕ್ಕೂ ರುಜು ಹಾಕಬೇಡಿರೆಂದು ನನ್ನ ವಿನಂತಿ.

— ಕಾರ್ಯದರ್ಶಿ